ಹತ್ತಿ ಇಳಿದ ಬೆರಳುಗಳು

ನಾನು ಗಿಟಾರು ಕಲಿಯಹೊರಟ ಸಂಗತಿ ನಮ್ಮ ಓಣಿಯವರಿಗೆಲ್ಲ ಗೊತ್ತು. ಅವರ ಸಹನೆಗೆ ಮೊದಲು ಒಂದು ನಮಸ್ಕಾರ ಸಲ್ಲಿಸಿ ಮುಂದುವರಿಯುತ್ತೇನೆ.

ಕಲಿಸಲು ಒಪ್ಪಿದ ಮಹನೀಯರು ಮೊದಲ ದಿವಸವೇ ಕರಾರು ಮಾಡಿದರು: ಆರು ತಿಂಗಳು ಹಾಡಿನ ಮಾತೆತ್ತಕೂಡದು. ಎಡಗೈಯ ನಾಲ್ಕು ಬೆರಳು, ನಾಲ್ಕು ಮನೆ, ಆರು ತಂತಿ. ದಪ್ಪ ತಂತಿಯಿಂದ ಸಣ್ಣ ತಂತಿಗೆ 24 ಸ್ವರ ಹತ್ತುವುದು, ಅಷ್ಟನ್ನೇ ಇಳಿಯುವುದು. ಒಂದು ಮನೆ ಮುಂದೆ ಸರಿದು ಪುನಃ ಅದನ್ನೇ ಮಾಡುವುದು. ಇದಕ್ಕೆ ಜೇಡನ ನಡಿಗೆ ಎಂದು ಹೆಸರು. ಪಕ್ಕದಲ್ಲಿ ಮೆಟ್ರೊನೋಮು ಟಕ್ ಟಕ್ ಎನ್ನುತ್ತಿರಬೇಕು. ನಿಮಿಷಕ್ಕೆ 60 ಏಟಿನಿಂದ 100ಕ್ಕೆ ಏರಿಸಬೇಕು. ಏರಿಸಿದೆ. ಬೆರಳ ತುದಿ ಗಟ್ಟಿಯಾಯಿತು. ಜೊತೆಗೆ ಜಂಬವೂ ಬಂತು.

ದೀಪಾವಳಿಯ ದಿವಸ ಅಜ್ಜಿ, “ಎಲ್ಲಿ, ಒಂದು ಹಾಡು ಬಾರಿಸು ನೋಡೋಣ” ಎಂದಳು. ನಾನು ಜೇಡವನ್ನು ಓಡಿಸಿ ತೋರಿಸಿದೆ. ಆಕೆ ಕೊನೆಯವರೆಗೂ ಕೇಳಿ, “ಹತ್ತಿದ್ದಾಯಿತು, ಇಳಿದದ್ದಾಯಿತು. ಊರಿಗೆ ಹೋಗುವುದು ಯಾವಾಗಪ್ಪ?” ಎಂದಳು. ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ.

ಮಾರನೆಯ ದಿನದಿಂದ ಜೇಡನಿಗೆ ರಜ ಕೊಟ್ಟೆ. ಅಜ್ಜಿ ಹಾಡುವ ಪುರಂದರದಾಸರ ಒಂದು ದೇವರನಾಮಕ್ಕೆ ಮೂರು ಕಾರ್ಡು ಹೊಂದಿಸಿಕೊಂಡೆ: ಸಿ, ಎಫ್, ಜಿ. ಎಫ್ ಎಂಬುದು ಮಹಾ ಪೀಡೆ. ತೋರುಬೆರಳೊಂದೇ ಮೊದಲನೆಯ ಮನೆಯಲ್ಲಿ ಆರು ತಂತಿಗಳನ್ನೂ ಅದುಮಿ ಹಿಡಿಯಬೇಕು. ಅಜ್ಜಿ ಹಾಡುತ್ತ ಆ ಜಾಗಕ್ಕೆ ಬಂದು ನನ್ನ ಕೈಗಾಗಿ ಕಾಯುತ್ತಿದ್ದಳು. ಆಕೆಯೊಡನೆ ವಿಠಲನೂ ಕಾಯಬೇಕಾಯಿತು. ಎಡವಿದಾಗಲೆಲ್ಲ ಪಲ್ಲವಿಯಿಂದ ಮೊದಲುಮಾಡುತ್ತಿದ್ದೆ. ಎರಡು ವಾರದಲ್ಲಿ ಪಲ್ಲವಿ ಬಹಳ ಚೆನ್ನಾಯಿತು. ಎಫ್ ಇದ್ದಲ್ಲೇ ಇತ್ತು.

ಒಂದು ಸಂಜೆ ಅಜ್ಜಿ, “ಬಿದ್ದ ಜಾಗ ಬಿಟ್ಟು ಬಾಗಿಲಿನಿಂದ ಏಕೆ ಬರುತ್ತೀ? ಆ ಎರಡು ಏಟನ್ನೇ ಮಾಡು” ಎಂದಳು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದೆ. ಆಗ ತಿಳಿಯಿತು, ಅಜ್ಜಿ ಹುಡುಗಿಯಾಗಿದ್ದಾಗ ವೀಣೆ ಕಲಿತಿದ್ದಳೆಂದು! ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ. ಆಮೇಲೆ ಮಲಹರಿಯ ಎರಡು ಗೀತೆ. ಅಷ್ಟರಲ್ಲಿ ಮದುವೆ. ವೀಣೆ ತವರಿನಲ್ಲೇ ಉಳಿಯಿತು. “ವರಸೆ ಎಲ್ಲ ಇನ್ನೂ ಬೆರಳಲ್ಲಿದೆ. ಹಾಡು ಮಾತ್ರ ಎರಡೇ” ಎಂದು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೇ ಎಂದು ಸಂಪ್ರದಾಯ ಹೇಳುತ್ತದೆ. ಹಾಕಿದವರು ಯಾರೇ ಇರಲಿ, ಎಂಥ ಜಾಣತನ ನೋಡಿ. ಮಲಹರಿಯು ಮಾಯಾಮಾಳವಗೌಳದ ಮಗಳು. ವರಸೆಯಲ್ಲಿ ಏಳು ಸ್ವರಗಳನ್ನೂ ಮೆಟ್ಟಿದ ಬೆರಳು ಗೀತೆಗೆ ಬಂದೊಡನೆ, ಹತ್ತುವಾಗ ಗಾಂಧಾರವನ್ನು ದಾಟಿ ಹೋಗಬೇಕು. ನಿಷಾದವಂತೂ ಅಲ್ಲಿ ಇಲ್ಲವೇ ಇಲ್ಲ. ಎಲ್ಲ ಮೆಟ್ಟಿಲನ್ನೂ ತುಳಿಯುವುದನ್ನು ವರಸೆ ಕಲಿಸಿತು. ಯಾವುದನ್ನು ಬಿಡಬೇಕೆಂಬುದು ಹಾಡಿನಿಂದ ಬಂತು. ನಮ್ಮ ಕೇಶಿರಾಜನೂ ಬರಿಯ ಸೂತ್ರ ಕೊಟ್ಟು ಸುಮ್ಮನಾಗಲಿಲ್ಲವಷ್ಟೆ, ಕವಿಗಳ ಪದ್ಯಗಳನ್ನು ಕೆಳಗೇ ಇಟ್ಟ. (ಕನ್ನಡದ ಗುರುಗಳು ಈ ಹೋಲಿಕೆಯನ್ನು ಮನ್ನಿಸಬೇಕು.)

ಗಿಟಾರಿನವರಲ್ಲೂ ಇದು ಹೊಸತಲ್ಲ. ಸ್ಪೇನಿನ ಫರ್ನಾಂಡೊ ಸೋರ್ ತನ್ನ 60ನೆಯ ಕೃತಿಯಲ್ಲಿ 25 ಪಾಠಗಳನ್ನು ಬರೆದ. ಒಂದೊಂದೂ ಅಭ್ಯಾಸವೇ, ಆದರೆ ಕೇಳಲು ಪುಟ್ಟ ಹಾಡು. ಸೆಗೋವಿಯಾ ಮಹಾಶಯ 1945ರಲ್ಲಿ ಸೋರ್‌ನ 20 ಅಭ್ಯಾಸಗೀತೆಗಳನ್ನು ಆರಿಸಿ ಪ್ರಕಟಿಸಿದ. ಅದೇ ಮನುಷ್ಯ 1953ರಲ್ಲಿ ಬರಿಯ ಸ್ವರಶ್ರೇಣಿಗಳ ಪುಸ್ತಕವನ್ನೂ ಹೊರತಂದ.

ನಾನೂ ಜೇಡನನ್ನು ವಾಪಸು ಕರೆದೆ, ದಿನಕ್ಕೆ ಹತ್ತು ನಿಮಿಷ ಮಾತ್ರ. ಉಳಿದ ಹೊತ್ತು ಸಿಯಿಂದ ಎಫ್‌ಗೆ, ಎಫ್‌ನಿಂದ ಸಿಗೆ, ನಿಮಿಷಕ್ಕೆ 40 ಏಟಿನಲ್ಲಿ. ಅದು ಕೂಡಿಬಂದ ಮೇಲೆ ಒಂದು ಸಾಲು. ಆಮೇಲೆ ಅಜ್ಜಿಯ ಜೊತೆ ಪೂರ್ತಿ ಹಾಡು. ಒಂದು ತಿಂಗಳಾಗುವ ಹೊತ್ತಿಗೆ ಅಜ್ಜಿ ಕಾಯುವುದು ತಪ್ಪಿತು.

ಕಾಲೇಜು ವಾರ್ಷಿಕೋತ್ಸವದಲ್ಲಿ ಆ ದೇವರನಾಮವನ್ನೇ ನುಡಿಸಿದೆ. ಎಫ್ ಗಂಟೆಯಂತೆ ನುಡಿಯಿತು. ಆ ಸಂತೋಷದಲ್ಲಿ ಮುಂದಿನ ಜಿ ಕಾರ್ಡಿನಲ್ಲಿ, ನಾನು ಎಂದೂ ಲಕ್ಷ್ಯ ಕೊಡದಿದ್ದ ಸುಲಭದ ಜಾಗದಲ್ಲಿ, ಎಡವಿದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ಗಮನಿಸಲಿಲ್ಲವೋ, ದಯೆಯೋ. ಮನೆಗೆ ಹೋಗಿ ಅಜ್ಜಿಗೆ ಹೇಳಿದೆ.

“ಯಾವ ಜಾಗ? ತಗೋ ಅದನ್ನು” ಎಂದು ಆಕೆ ಮಂಡಿಯ ಮೇಲೆ ತಾಳ ಹಾಕತೊಡಗಿದಳು.