ಕಂಬಾಲಪಲ್ಲಿಗೆ ಹೋಗುವ ಮುನ್ನ

ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತಿದ್ದೀರಿ. ಹೆಗಲ ಚೀಲದಲ್ಲಿ ಪ್ರಶ್ನಾವಳಿಯ ಕಟ್ಟು. ಅಪರಾಧ ಮತ್ತು ನ್ಯಾಯದ ಬಗ್ಗೆ ಸಂಶೋಧನೆಗೆ ಹೊರಟವರು ನೀವು. ಚಿಂತಾಮಣಿ ಬಸ್ಸಿಗೆ ಇನ್ನೂ ಹೊತ್ತಿದೆ. ಎದುರಿಗೆ ನೂಲು ಬಿಚ್ಚುವ ರೀಲರ್ ಒಬ್ಬರು ರಾಶಿಯ ಮೇಲಿನ ಗೂಡನ್ನು ಮುಟ್ಟಿಯೂ ನೋಡದೆ ತಳಕ್ಕೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಾರೆ. ಬೆಲೆಯ ಮಾತು ಆಮೇಲೆ. ಸಂಶೋಧನಾ ವಿಧಾನದ ಪುಸ್ತಕದಲ್ಲಿ ಮಾದರಿ ಆಯ್ಕೆಯ ಅಧ್ಯಾಯ ಹೇಳುವುದೂ ಇದನ್ನೇ. ಠಾಣೆಯ ಮೆಟ್ಟಿಲು ಹತ್ತಿದವರು ಸುಲಭವಾಗಿ ಸಿಗುತ್ತಾರೆ, ಹತ್ತದವರು ತಳದಲ್ಲಿದ್ದಾರೆ.

ಬಸ್ಸು ಹೊರಟಿತು. ಕಿಟಕಿಯಾಚೆ ಹಿಪ್ಪುನೇರಳೆ ತೋಟ, ತೊಡೆಯ ಮೇಲೆ ಅಂಕಿಅಂಶದ ಹಾಳೆ. ದೇಶದ ಅಪರಾಧದ ಲೆಕ್ಕ 1953ರಿಂದ ವರ್ಷವರ್ಷ ಅಚ್ಚಾಗುತ್ತಿದೆ. ಈಗ ನೀವಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ಸಾಲು ಹುಡುಕುತ್ತೀರಿ: 2007ಕ್ಕೆ ಮುಂಚೆ ಅಂಥ ಜಿಲ್ಲೆಯೇ ಇಲ್ಲ, ಎಲ್ಲ ಕೋಲಾರ. ಅದನ್ನು ಗಮನಿಸದೆ ಕೋಲಾರದ ಹಳೆಯ ಮತ್ತು ಹೊಸ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಅಪರಾಧ ಒಮ್ಮೆಲೇ ಇಳಿದಂತೆ ಕಂಡೀತು. ಕಡಿಮೆಯಾದದ್ದು ಅಪರಾಧವಲ್ಲ, ತಾಲ್ಲೂಕುಗಳು. ಇನ್ನೊಂದು ತೊಡಕು: ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ಬೆಂಕಿ, ಹಲ್ಲೆ ಮೂರೂ ಇದ್ದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎಣಿಸುವುದು ಅತಿ ಗಂಭೀರವಾದ ಒಂದನ್ನು ಮಾತ್ರ.

ಸಾವಿನ ಎಣಿಕೆಯಾದರೂ ನೆಟ್ಟಗಿರುತ್ತದೆಯೇ? ನಿನ್ನೆ ನೋಡಿ ಬಂದ ಗೌರಿಬಿದನೂರಿನ ವಿದುರಾಶ್ವತ್ಥ ನೆನಪಾಗುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ವೇಪ ರಾಮೇಶಂ ಸಮಿತಿ ವಿಚಾರಣೆ ನಡೆಸಿತು. ಸತ್ತವರು 30ಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ಸರ್ಕಾರದ್ದು ಅದಕ್ಕಿಂತ ಬಹಳ ಕಡಿಮೆ. ಎರಡನ್ನೂ ಬರೆದುಕೊಳ್ಳಿ. ಯಾರು, ಯಾವಾಗ, ಏಕೆ ಎಣಿಸಿದರು ಎಂಬುದನ್ನೂ ಬರೆದುಕೊಳ್ಳಿ.

ಚಿಂತಾಮಣಿ ಬಸ್ ನಿಲ್ದಾಣ. ಟೀ ಅಂಗಡಿಯ ಬೆಂಚಿನಲ್ಲಿ ಪಕ್ಕದವರ ಮಾತು ತೆಲುಗಿನಲ್ಲಿ, ನಿಮ್ಮ ಪ್ರಶ್ನಾವಳಿ ಕನ್ನಡದಲ್ಲಿ. ಠಾಣೆಯಲ್ಲೂ ಹೀಗಾಗುವುದುಂಟು: ಸಾಕ್ಷಿ ಮನೆಮಾತಿನಲ್ಲಿ ಹೇಳುತ್ತಾನೆ, ಬರೆಯುವವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಪೊಲೀಸರ ಮುಂದಿನ ಆ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಕಾನೂನೇ ಹಾಗಿದೆ. ಪೊಲೀಸರ ಒತ್ತಡಕ್ಕೆ ಯಾರೂ ಸಿಕ್ಕಿಬೀಳದಿರಲೆಂದು ಮಾಡಿದ ಕಾನೂನು, ಒಳ್ಳೆಯದೇ. ಆದರೆ ಕಟಕಟೆಯಲ್ಲಿ ನಿಂತು 'ನಾನು ಹಾಗೆ ಹೇಳಿಲ್ಲ' ಎಂದರೆ ಆ ಕಾಗದದಿಂದ ಆರೋಪವನ್ನು ರುಜುವಾತು ಮಾಡಲಾಗದು.

ಇದೇ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಿಮ್ಮ ಕೋಷ್ಟಕದಲ್ಲಿ ಶಿಕ್ಷೆಯ ಕಾಲಂ ಸೊನ್ನೆ. ಆ ಸೊನ್ನೆಯನ್ನು ಏನೆಂದು ಓದುತ್ತೀರಿ? ಖುಲಾಸೆಯಾದವರನ್ನು ಅಪರಾಧಿಗಳೆಂದು ಬರೆಯುವ ಹಕ್ಕು ಸಂಶೋಧಕನಿಗಿಲ್ಲ. ಏನೂ ನಡೆದೇ ಇಲ್ಲವೆಂಬಂತೆ ಬರೆಯುವ ಹಕ್ಕಂತೂ ಇಲ್ಲವೇ ಇಲ್ಲ. ಯಾರು ಮಾಡಿದರು ಎಂಬುದು ನ್ಯಾಯಾಲಯದ ಪ್ರಶ್ನೆ. ಹೇಳಿಕೆ ಬರೆಸಿದ ದಿನದಿಂದ ಕಟಕಟೆ ಹತ್ತಿದ ದಿನದವರೆಗೆ ಸಾಕ್ಷಿ ಯಾರ ಹೊಲದಲ್ಲಿ ದುಡಿದ, ಯಾರ ಬಳಿ ಸಾಲ ಮಾಡಿದ, ಯಾರ ಕಣ್ಣೆದುರು ಬದುಕಿದ ಎಂಬುದು ನಿಮ್ಮ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹಳ್ಳಿಯಲ್ಲೇ ಇದೆ, ಅಪಾಯವೂ ಅಲ್ಲೇ. ಮೊದಲು ಯಾರ ಜಗಲಿಯಲ್ಲಿ ಕೂತು ನೀರು ಕುಡಿದಿರಿ ಎಂಬುದು ನೀವು ಬಾಯಿ ತೆರೆಯುವ ಮುನ್ನವೇ ಊರಿಗೆಲ್ಲ ಗೊತ್ತಾಗಿರುತ್ತದೆ. ಆಮೇಲಿನ ಉತ್ತರಗಳೆಲ್ಲ ಅದಕ್ಕೆ ತಕ್ಕಂತೆ. ನೀವು ಸಂಜೆಯ ಬಸ್ಸಿಗೆ ಹೊರಡುತ್ತೀರಿ, ಮಾತಾಡಿದವರು ಅಲ್ಲೇ ಉಳಿಯುತ್ತಾರೆ. ಹೆಸರು ಬರೆಯಬೇಡಿ. 'ಬೇಡ ಸಾರ್' ಅಂದರೆ ಎದ್ದು ಬನ್ನಿ. ಹೋಗಲೇಬೇಕೆಂದಿದ್ದರೆ ಎರಡೂ ತೀರ್ಪುಗಳನ್ನು ಪೂರ್ತಿ ಓದಿಕೊಂಡು ಹೋಗಿ; ಕಾಗದದಲ್ಲಿ ಆಗಲೇ ಇರುವುದನ್ನು ಆ ಊರಿನವರ ಬಾಯಿಂದ ಮತ್ತೆ ಹೇಳಿಸಬೇಡಿ.