ಮಸಾಲೆ ಡಬ್ಬಿಯ ದಂಡಯಾತ್ರೆ

ಯುದ್ಧದ ಚರಿತ್ರೆ ಓದುವಾಗ ನನ್ನ ಕಣ್ಣು ಸೇನಾಪತಿಗಳನ್ನು ದಾಟಿ ಬುತ್ತಿಯ ಕಡೆ ಹೊರಳುತ್ತದೆ. ಹೊಟ್ಟೆಬಾಕನ ಚಾಳಿ ಎನ್ನುವವರು ಅನ್ನಲಿ. ಮೊದಲ ಮಹಾಯುದ್ಧ ಶುರುವಾದ 1914ರ ಕ್ರಿಸ್‌ಮಸ್ಸಿಗೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸೈನಿಕರಿಗೆ ಹಂಚಿದ ಹಿತ್ತಾಳೆ ಡಬ್ಬಿ ನನ್ನ ಕಣ್ಣಿಗೆ ಬಿದ್ದದ್ದು ಹೀಗೆ. ಮುಚ್ಚಳದ ನಡುವೆ ಹದಿನೇಳರ ಹುಡುಗಿಯ ಮುಖ, ಅಂಚಿನಲ್ಲಿ ಮಿತ್ರರಾಷ್ಟ್ರಗಳ ಹೆಸರು. ಒಳಗೆ ಒಂದು ಔನ್ಸ್ ಪೈಪ್ ತಂಬಾಕು, ಇಪ್ಪತ್ತು ಸಿಗರೇಟು, ಶುಭಾಶಯದ ಕಾರ್ಡು, ರಾಜಕುಮಾರಿಯ ಫೋಟೋ. ಸೇದದವರಿಗೆ ಕಾಗದ, ಪೆನ್ಸಿಲ್ಲು.

ಅಷ್ಟಕ್ಕೇ ನಿಂತಿದ್ದರೆ ಪುಟ ಮಗುಚಿಬಿಡುತ್ತಿದ್ದೆ. ಆದರೆ ಆ ಚಳಿಗಾಲ ಫ್ರಾನ್ಸಿನ ಕೆಸರು ಕಂದಕಗಳಲ್ಲಿ ಲಾಹೋರ್, ಮೀರತ್ ಡಿವಿಷನ್ನುಗಳ ನಮ್ಮವರೂ ಇದ್ದರಲ್ಲ! ಸಿಖ್ಖರು ತಂಬಾಕು ಮುಟ್ಟುವವರಲ್ಲ. ಅವರಿಗೆ ಕಲ್ಲುಸಕ್ಕರೆ, ಜೊತೆಗೆ ಪುಟ್ಟ ತಗಡಿನ ಡಬ್ಬಿಯಲ್ಲಿ ಮಸಾಲೆ. ಉಳಿದ ಬಹುಪಾಲು ಭಾರತೀಯರಿಗೆ ಇವೆರಡರ ಜೊತೆ ಸಿಗರೇಟೂ ಉಂಟು. ನೀರು ಹೊರುವ ಭಿಸ್ತಿಗೆ ಮಾತ್ರ ಮಸಾಲೆ, ಕಾರ್ಡು, ಅಷ್ಟೇ. ಕಲ್ಲುಸಕ್ಕರೆ ಹಂಚುವಾಗಲೂ ಸಾಮ್ರಾಜ್ಯ ದರ್ಜೆ ಮರೆಯಲಿಲ್ಲ.

ಆದರೂ ಪಟ್ಟಿಯಲ್ಲಿ ಮಸಾಲೆ ಎಂದು ಬರೆಸಿದ ಆ ಅನಾಮಧೇಯನ ಮೇಲೆ ನನಗೆ ಅಕ್ಕರೆ. ಸಾವಿರಾರು ಮೈಲಿ ಆಚೆಯ ಜನರನ್ನು ಎಳೆದು ತಂದು ಗುಂಡಿನ ಎದುರು ನಿಲ್ಲಿಸಿದ ಸರ್ಕಾರದ ಬಗ್ಗೆ ಒಳ್ಳೆಯ ಮಾತು ಹೊರಡದು. ಈ ಪುಣ್ಯಾತ್ಮನ ಲೆಕ್ಕವೇ ಬೇರೆ. ಒದ್ದೆ ಕಂಬಳಿ, ಕೊರೆಯುವ ಚಳಿ, ತಣ್ಣಗಾದ ದಾಲ್. ಅದರ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ ಮೂಗಿನ ಹತ್ತಿರ ಒಯ್ದವನಿಗೆ ಏನನ್ನಿಸಿರಬಹುದು! ರಾಜಕುಮಾರಿಯ ಫೋಟೋ ಆ ಕೆಲಸ ಮಾಡಲಾರದು.

ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತೀಯರಿಗೆ ಹೋದ ರೆಡ್‌ಕ್ರಾಸ್ ಪಾರ್ಸೆಲ್ಲುಗಳಲ್ಲೂ ಅಕ್ಕಿ, ಬೇಳೆ, ಹಿಟ್ಟು, ಸಾರಿನ ಪುಡಿಯಂಥ ಕರಿ ಪೌಡರ್ ಇದ್ದವು. ಯುದ್ಧ ಮುಗಿದ ಮೇಲೆ ಸೈನಿಕರ ಬುತ್ತಿ ನಾಗರಿಕರ ಪಾಲಿಗೂ ಬಂತು. 1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕೇರ್ ಸಂಸ್ಥೆ, ಹತ್ತು ಸೈನಿಕರಿಗೆ ಒಂದು ದಿನಕ್ಕೆಂದು ಕಟ್ಟಿಟ್ಟಿದ್ದ ಪಡಿಯನ್ನು ಕೊಂಡು ಯುರೋಪಿಗೆ ಸಾಗಿಸಿತು. ಹಣ ಕಟ್ಟಿ ಅಲ್ಲಿನ ನೆಂಟರಿಷ್ಟರ ವಿಳಾಸ ಬರೆದುಕೊಟ್ಟರೆ ಸಾಕು, ಪೆಟ್ಟಿಗೆ ಅವರ ಮನೆ ಸೇರುತ್ತಿತ್ತು. ಮೊದಲ ಪೆಟ್ಟಿಗೆಗಳು ಫ್ರಾನ್ಸಿನ ಲ ಆವ್ರ್ ಬಂದರಿನಲ್ಲಿ ಇಳಿದದ್ದು 1946ರ ಮೇ 11ರಂದು. ಮುಂದೆ ಯೆಹೂದ್ಯರಿಗೆಂದೇ ಅವರ ಮಡಿಗೆ ಒಪ್ಪುವ ಪೆಟ್ಟಿಗೆಗಳೂ ಬಂದವು. ಇಲ್ಲೂ ಯಾರೋ ಒಬ್ಬರು ಉಣ್ಣುವವರ ನಾಲಿಗೆಯನ್ನು ನೆನೆದಿದ್ದರು.

ನಮ್ಮ ಮನೆಗಳಲ್ಲಿ ಉಣ್ಣುವವರ ರುಚಿ ನಿರ್ಧರಿಸಲು ಕಮಿಟಿ ಬೇಕಿಲ್ಲ. ಮಿಲಿಟರಿಯಲ್ಲಿರುವ ಮಗನಿಗೆ ಏನು ಹೋಗಬೇಕೆಂದು ಅಮ್ಮನಿಗೆ ಗೊತ್ತು: ಕೋಡುಬಳೆ, ಚಟ್ನಿಪುಡಿ, ರವೆ ಉಂಡೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅವನ ಹೆಸರು, ಘಟಕದ ಕೆಳಗೆ 56 ಎಪಿಒ (ಸೇನಾ ಅಂಚೆ ಕಚೇರಿ) ಎಂದು ಬರೆದರೆ ಊರಿನ ಹೆಸರೂ ಬೇಡ. ಸೇನೆಯ ಅಂಚೆ ಅವನನ್ನು ಹುಡುಕಿಕೊಳ್ಳುತ್ತದೆ. ಕಟ್ಟುವವರಿಗೆ ನನ್ನದೊಂದೇ ಮಾತು. ಎಣ್ಣೆ ಸೋರುವ ಉಪ್ಪಿನಕಾಯಿ ಬೇಡ. ಚಟ್ನಿಪುಡಿ ಮಾತ್ರ ಅಂದಾಜಿಗಿಂತ ಎರಡು ಪಟ್ಟು ಹಾಕಿ. ಬ್ಯಾರಕ್ಕಿನಲ್ಲಿ ಕೈಚಾಚುವವನು ನಿಮ್ಮ ಮಗ ಒಬ್ಬನೇ ಅಲ್ಲ.