ಕೊಟ್ಟೂರು ಸೀಮೆಯಲ್ಲಿ ಪರಸ್ಥಳದ ಮೇಷ್ಟರು

ಕೂಡ್ಲಿಗಿಯಿಂದ ಪಶ್ಚಿಮಕ್ಕೆ ಹೊರಟ ಬಸ್ಸಿನ ಕಿಟಕಿಯಲ್ಲಿ ಬಂಡೆಗುಡ್ಡಗಳೂ ಕೆಮ್ಮಣ್ಣಿನ ಹೊಲಗಳೂ ಒಂದೊಂದಾಗಿ ಹಿಂದೆ ಸರಿದ ಮೇಲೆ ಕೊಟ್ಟೂರು ಕಾಣಿಸುತ್ತದೆ. ಅಲ್ಲಿಂದ ಮುಂದೆ ಹರಪನಹಳ್ಳಿ. ಉತ್ತರಕ್ಕೆ ತಿರುಗಿದರೆ ಹಗರಿಬೊಮ್ಮನಹಳ್ಳಿ. ಇನ್ನೊಂದು ದಾರಿ ಹಿಡಿದರೆ ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿ. ಈ ಐದೂ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹರಪನಹಳ್ಳಿಯಂತೂ ಕುಳಿತ ಜಾಗದಿಂದ ಕದಲದೆಯೇ 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, ಈಗ ವಿಜಯನಗರವನ್ನು ಸೇರಿದೆ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆಯೆಲ್ಲವೂ ಮದರಾಸಿಗೆ ಸೇರಿದ್ದಿತು. ಆದುದರಿಂದಲೇ ಇಲ್ಲಿನ ವಯಸ್ಸಾದವರ ಬಾಯಲ್ಲಿ ‘ಮೈಸೂರು ಸೀಮೆ’ ಎಂಬುದು ಇನ್ನೂ ಬೇರೊಂದು ರಾಜ್ಯದ ಹೆಸರಿನಂತೆಯೇ ಕೇಳಿಸುತ್ತದೆ.

ಆ ಮೈಸೂರು ಸೀಮೆಯ ಮಂಡ್ಯದ ಕಡೆಯಿಂದ ಇಲ್ಲಿಗೆ ಕನ್ನಡ ಕಲಿಸಲು ಬಂದವನು ನಾನು. ಕನ್ನಡ ನಾಡಿನಲ್ಲಿ ಕನ್ನಡದ ಅಧ್ಯಾಪಕನು ಪರದೇಶಿಯಾಗುವುದೆಂತು ಎಂದು ವಾಚಕರು ನಗಬಹುದು. ಇಂಗ್ಲಿಷ್ ಕಲಿಸಲೆಂದು ದಕ್ಷಿಣ ಕೊರಿಯಕ್ಕೆ ಹೋಗಿ ನೆಲೆಸುವ ತರುಣ ತರುಣಿಯರ ದಿನಚರಿಗಳನ್ನು ನಾನು ಓದಿದ್ದೇನೆ. ಅಲ್ಲಿನ ಸರ್ಕಾರವು 1995ರಿಂದ ಅಂಥವರನ್ನು ತನ್ನ ಶಾಲೆಗಳಿಗೆ ಕರೆಸಿಕೊಂಡು, ವಾಸಕ್ಕೆ ಮನೆಯನ್ನೋ ಬಾಡಿಗೆಯ ಹಣವನ್ನೋ ಕೊಡುತ್ತ ಬಂದಿದೆ. ಆ ಮನೆಯೊಂದನ್ನು ಬಿಟ್ಟರೆ ಅವರ ಪಾಡಿಗೂ ನನ್ನ ಪಾಡಿಗೂ ಹೆಚ್ಚಿನ ಅಂತರವಿಲ್ಲ. ಊಟ ಬೇರೆ, ಮಾತಿನ ಧಾಟಿ ಬೇರೆ, ಬೀದಿಗಿಳಿದರೆ ಎಲ್ಲರ ಕಣ್ಣೂ ನಮ್ಮ ಮೇಲೆ.

ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಬರುವ ಪ್ರಶ್ನೆ, “ನೀವು ಯಾವ ಪೈಕಿರೀ?” ಮಂಡ್ಯದಲ್ಲಿ ಈ ಪ್ರಶ್ನೆಯಿಲ್ಲವೆಂದಲ್ಲ, ಅಲ್ಲಿ ಸುತ್ತಿ ಬಳಸಿ ಕೇಳುತ್ತಾರೆ, ಇಲ್ಲಿ ನೆಟ್ಟಗೆ ಕೇಳುತ್ತಾರೆ. ಎರಡರಲ್ಲಿ ಯಾವುದು ವಾಸಿಯೆಂದು ನಾನಿನ್ನೂ ತೀರ್ಮಾನಿಸಿಲ್ಲ. ಕೊನೆಗೆ ಕೋಣೆ ಕೊಟ್ಟ ಮುದುಕಿ ಅದನ್ನು ಕೇಳಲಿಲ್ಲ. ಆಕೆಯ ಚಿಂತೆಯೇ ಬೇರೆ: “ಮುದ್ದಿ ನುಂಗಾ ಮಂದಿ ನೀವು, ರೊಟ್ಟಿ ಹೆಂಗ ತಿಂತೀರಿ ಮೇಷ್ಟ್ರೇ?” ಎಂದಳು. ಅಂದು ರಾತ್ರಿಯೇ ಎರಡು ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಬಂದವು. ಖಡಕ್ ರೊಟ್ಟಿಗೆ ದವಡೆ ಪಳಗಲು ಒಂದು ವಾರ ಹಿಡಿಯಿತು. ಬೆಳಗಿನ ಮಂಡಕ್ಕಿ ಒಗ್ಗರಣೆಗೂ ಮಿರ್ಚಿಗೂ ಒಂದೇ ದಿನ ಸಾಕಾಯಿತು.

ತರಗತಿಯಲ್ಲಿ ಮೊದಲ ತೊಡಕು ಹಾಜರಿಯದು. ಗುರು ಕೊಟ್ಟೂರೇಶ್ವರನ ಹೆಸರಿಡದ ಮನೆ ಈ ಸುತ್ತಿನಲ್ಲಿ ಅಪರೂಪ. ಕೊಟ್ರೇಶ, ಕೊಟ್ರಬಸಪ್ಪ, ಕೊಟ್ರಯ್ಯ, ಕೊಟ್ರಮ್ಮ; “ಕೊಟ್ರೇಶ” ಎಂದು ಒಮ್ಮೆ ಕೂಗಿದರೆ ಆರು ಮಂದಿ ಓಗೊಡುತ್ತಾರೆ. ಉಜ್ಜಿನಿಯ ಕೊಟ್ರೇಶ, ಹಂಪಸಾಗರದ ಕೊಟ್ರೇಶ ಎಂದು ಊರು ಸೇರಿಸಿ ಕರೆಯುವ ಪದ್ಧತಿಯಿಂದ ನನಗೆ ಈ ಸೀಮೆಯ ಭೂಗೋಳವು ಬಾಯಿಪಾಠವಾಯಿತು.

ಎರಡನೆಯ ತೊಡಕು ಇಷ್ಟು ಹಗುರವಾದುದಲ್ಲ. ಹಿಂದಿನ ಬೆಂಚುಗಳಲ್ಲಿ ತಾಂಡಾಗಳಿಂದ ಬಂದ ಹುಡುಗರು ಕೂರುತ್ತಾರೆ. ಅವರ ಮನೆಮಾತು ಲಂಬಾಣಿ. ರಾಜಸ್ಥಾನದ ಮಾತುಗಳಿಗೆ ನಂಟುಳ್ಳದ್ದು. ಅವರಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ, ಇಂಗ್ಲಿಷು ಅದರಾಚೆಯದು. ನಾನು ಹಳಗನ್ನಡ ಪದ್ಯದ ಅನ್ವಯವನ್ನು ಬಿಡಿಸುತ್ತಿರುವಾಗ ಅವರು ನನ್ನ ಹೊಸಗನ್ನಡವನ್ನೇ ಮನಸ್ಸಿನಲ್ಲಿ ಬಿಡಿಸಿಕೊಳ್ಳುತ್ತಿರುತ್ತಾರೆ.

ದೀಪಾವಳಿ ಮುಗಿಯುತ್ತಲೇ ಈ ಬೆಂಚುಗಳು ಬರಿದಾಗುತ್ತವೆ. ಮೇಸ್ತ್ರಿಯಿಂದ ಮುಂಗಡ ಹಣ ಪಡೆದ ಸಂಸಾರಗಳು ಪಾತ್ರೆ, ಹಾಸಿಗೆ, ಕೈಗೂಸುಗಳೊಡನೆ ಲಾರಿ ಹತ್ತುತ್ತವೆ. ಇದಕ್ಕೆ ಗುಳೆ ಎಂದು ಹೆಸರು. ಚಿಕ್ಕಮಗಳೂರಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡ, ಮಂಡ್ಯದ ಕಬ್ಬಿನ ಗದ್ದೆ. ಎಲ್ಲಿ ಕೂಲಿಯುಂಟೋ ಅಲ್ಲಿ. ಮಳೆ ನಂಬಿದ ಜೋಳ, ಮೆಕ್ಕೆಜೋಳಗಳು ವರ್ಷದ ಹನ್ನೆರಡು ತಿಂಗಳನ್ನೂ ಸಾಕಲಾರವು. ತುಂಗಭದ್ರೆಯ ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳವರೆಗೂ ಹಬ್ಬಿದೆ ನಿಜ. ಆದರೆ 1953ರಲ್ಲಿ ಮುಗಿದ ಆ ಅಣೆಕಟ್ಟಿನ ಕಾಲುವೆಗಳು ಹೊರಡುವುದು ಹೊಸಪೇಟೆಯ ಬಳಿಯಿಂದ, ಕೆಳಮುಖವಾಗಿ. ಮುಳುಗಡೆ ಇವರ ಪಾಲಿಗೆ, ನೀರಿನ ಬಹುಪಾಲು ಕೆಳಗಿನವರ ಪಾಲಿಗೆ.

ಮೇಷ್ಟರುಗಳೂ ಇಲ್ಲಿಂದ ಹೊರಗೆ ಹೋದದ್ದುಂಟು. ಕೊಟ್ಟೂರಿನಲ್ಲಿ 1953ರಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಾಡಿನ ಶಾಲೆಗಳಲ್ಲಿ ದಶಕಗಳನ್ನು ಕಳೆದರು. ತೆಲುಗು ಮಾತಿನ ನಡುವೆ ಕುಳಿತೇ ಕನ್ನಡದ ಕಥೆ ಕಾದಂಬರಿಗಳನ್ನು ಬರೆದರು. ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೆ ಸಂಬಳದ ಮೇಲೆ ಹೋಗುವುದು ಬೇರೆ, ಮುಂಗಡದ ಮೇಲೆ ಹೋಗುವುದು ಬೇರೆ.

ನಮ್ಮೂರಿನ ಕಾಲುವೆಯ ಏರಿಯ ಮೇಲೆ ಪ್ರತಿ ವರ್ಷವೂ ಗುಡಾರಗಳು ಏಳುತ್ತಿದ್ದವು. ಕಬ್ಬು ಕಡಿಯಲು ಬಂದವರನ್ನು ‘ಬಳ್ಳಾರಿ ಗುಂಪು’ ಎಂದು ಕರೆಯುವುದು ರೂಢಿ. ಯಾವ ಊರು, ಮಕ್ಕಳು ಏನು ಓದುತ್ತಾರೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಆ ಊರುಗಳ ಹೆಸರುಗಳು ಈಗ ನನ್ನ ಹಾಜರಿ ಪುಸ್ತಕದಲ್ಲಿವೆ.

ಕಳೆದ ವರ್ಷ ಬಿ.ಎ. ಕೊನೆಯ ವರ್ಷದ ಹುಡುಗನೊಬ್ಬನು ಬಂದು ನಿಂತನು. ಚೆನ್ನಾಗಿ ಓದುವವನು. “ಅವ್ವಗ ಸೊಂಟ ಹಿಡದೈತ್ರಿ ಸಾರ್. ಅಪ್ಪನ ಜತಿಗೆ ಕಡಿಯಾಕ ನಾನ ಹೋಗ್ಬೇಕ್ರಿ” ಎಂದನು. ಎಲ್ಲಿಗೆಂದು ಕೇಳಿದರೆ ನಮ್ಮ ಊರಿನಿಂದ ಮೂರೇ ಮೈಲಿಯ ಹಳ್ಳಿಯ ಹೆಸರನ್ನು ಹೇಳಿದನು. ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಿ ಬೇಕು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಬೇಕಾದ ಪುಸ್ತಕಗಳನ್ನು ಕಟ್ಟಿ ಕೊಟ್ಟೆ. ನಮ್ಮ ಮನೆಯ ವಿಳಾಸವನ್ನೂ ಬರೆದುಕೊಟ್ಟೆ.

ಎರಡು ತಿಂಗಳ ಬಳಿಕ ಒಂದು ಸಂಜೆ ಅವನ ಫೋನು ಬಂದಿತು. “ಸಾ, ಚೆಂದಾಗಿದ್ದೀರಾ? ಟೆಸ್ಟು ಯಾವತ್ತು ಯೋಳಿ ಸಾ, ಬಂದ್ಬುಡ್ತೀನಿ.” ಅಕ್ಷರಶಃ ನಮ್ಮೂರಿನ ಮಾತು, ನಮ್ಮೂರಿನ ರಾಗ! ನಿಮ್ಮ ತಾಯಿ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟರು ಎಂದೂ ಹೇಳಿದನು. ದಿನಾಂಕವನ್ನು ತಿಳಿಸಿದೆ. ಹಾಜರಿಯ ಲೆಕ್ಕವನ್ನು ಅವನು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಹಿಂದಿನಿಂದ ಯಾರೋ ಲಂಬಾಣಿಯಲ್ಲಿ ಅವನನ್ನು ಕೂಗುತ್ತಿದ್ದರು. ಕತ್ತಲಾಗುವುದರೊಳಗೆ ಲಾರಿ ತುಂಬಬೇಕಂತೆ.